ರಿಜಿಸ್ಟರಿನಲ್ಲಿ ‘ಜ್ವರ’ ಅಂತಿದೆ, ಮನೆಯವರು ಪ್ಲೇಗು ಅಂತಾರೆ

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಹಳ್ಳಿ. ನಮ್ಮ ಮುತ್ತಾತ ತೀರಿಕೊಂಡ ವರ್ಷದ ಮರಣ ರಿಜಿಸ್ಟರಿನ ಒಂದು ಪುಟದ ನಕಲು ಸಿಕ್ಕಿದೆ. ಅದರಲ್ಲಿ 28 ಅಕ್ಟೋಬರ್ 1918, ವಯಸ್ಸು 40, ಕಾರಣ ‘ಜ್ವರ’ ಎಂದಿದೆ. ಮನೆಯಲ್ಲಿ ಮಾತ್ರ ಎಲ್ಲರೂ ಪ್ಲೇಗಿನಲ್ಲಿ ಹೋದರು ಅನ್ನುತ್ತಾರೆ. ತಿಥಿ ಮಾಡುವುದು ಆಶ್ವಯುಜ ಬಹುಳ ಪಂಚಮಿಗೆ. ಯಾವುದನ್ನು ನಂಬಬೇಕು?

ಉತ್ತರ: ಆ ಸಾಲನ್ನು ಬರೆದವರು ಡಾಕ್ಟರಲ್ಲ. ಹಳ್ಳಿಯ ಸಾವನ್ನು ಯಾರೋ ಬಂದು ಹೇಳುತ್ತಿದ್ದರು, ಪಟೇಲರೋ ಶಾನುಭೋಗರೋ ಬರೆದಿಡುತ್ತಿದ್ದರು. ಹಾಗಾಗಿ ಒಂದೊಂದು ಕಾಲಂ ಓದುವಾಗಲೂ, ಇದು ಬರೆದವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿಕೊಳ್ಳಿ.

ಮೊದಲು ‘ಜ್ವರ’ ನೋಡೋಣ. ಆಗಿನ ಸರ್ಕಾರಿ ಲೆಕ್ಕದಲ್ಲಿ ಸಾವಿನ ಕಾರಣಕ್ಕೆ ಇದ್ದದ್ದು ಬೆರಳೆಣಿಕೆಯ ತಲೆಬರಹಗಳು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಉಸಿರಾಟದ ಕಾಯಿಲೆ, ಗಾಯ, ಇತರೆ. ಮೈ ಸುಟ್ಟು ಸತ್ತವರೆಲ್ಲ ಹೆಚ್ಚುಕಡಿಮೆ ‘ಜ್ವರ’ದ ಕೆಳಗೇ ಹೋಗುತ್ತಿದ್ದರು. ಮಲೇರಿಯಾ, ಟೈಫಾಯಿಡ್, ನ್ಯುಮೋನಿಯಾ, ಬಾಣಂತಿಯರ ನಂಜು ಎಲ್ಲವೂ ಅಲ್ಲೇ. ಅಂದರೆ ಅದು ಕಾಯಿಲೆಯ ಹೆಸರಲ್ಲ, ಕಾಲಂನ ಹೆಸರು.

ಇನ್ನು ನಿಮ್ಮ ತಾರೀಖು. ಇನ್‌ಫ್ಲುಯೆಂಜಾ ಬೊಂಬಾಯಿಗೆ ಕಾಲಿಟ್ಟದ್ದು 1918ರ ಜೂನ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಅದು ಮತ್ತೆ ಎದ್ದಿತು, ಈ ಸಲ ಇನ್ನೂ ಭೀಕರವಾಗಿ. ಅಕ್ಟೋಬರ್ ಹೊತ್ತಿಗೆ ಮೈಸೂರು ಸೀಮೆಯ ಹಳ್ಳಿಗಳಲ್ಲೂ ಹಬ್ಬಿತ್ತು. ಇಡೀ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಅದಕ್ಕೆ ರಿಜಿಸ್ಟರಿನಲ್ಲಿ ಬೇರೆ ಕಾಲಂ ಇರಲಿಲ್ಲ. ಹೆಚ್ಚಿನವು ‘ಜ್ವರ’ ಅಂತಲೇ ದಾಖಲಾದವು. ಪ್ಲೇಗಿಗೆ ಕಾಲಂ ಇತ್ತು. 1898ರಲ್ಲಿ ಅದು ಬೆಂಗಳೂರಿಗೆ ಬಂದಾಗಿನಿಂದ ಹಳ್ಳಿಯವರಿಗೂ ಅದರ ಗುರುತು ಚೆನ್ನಾಗಿ ಗೊತ್ತಿತ್ತು. ಮನೆ ಖಾಲಿ ಮಾಡಿಸುತ್ತಾರೆ ಅನ್ನುವ ಭಯಕ್ಕೆ ಪ್ಲೇಗನ್ನು ಮುಚ್ಚಿಟ್ಟವರೂ ಇದ್ದರು, ನಿಜ. ಆದರೂ ನಿಮ್ಮ ಮುತ್ತಾತನ ವಿಷಯದಲ್ಲಿ ನನ್ನ ಮನಸ್ಸು ಇನ್‌ಫ್ಲುಯೆಂಜಾ ಕಡೆಗೇ ವಾಲುತ್ತದೆ.

ಮನೆಯ ಹಿರಿಯರನ್ನು ಇನ್ನೊಂದು ಸಲ ಕೇಳಿ. ‘ಪ್ಲೇಗಾ?’ ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. ಆ ಕಾಲ ಕಂಡವರ ಬಾಯಲ್ಲಿ ಊರಿಗೆ ಬಂದ ಯಾವ ಮಾರಿಯೂ ಪ್ಲೇಗೇ. ಇಲಿ ಬಿದ್ದಿದ್ದವಾ? ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತಾ? ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಾ? ಹೀಗೆ ಕೇಳಿ. ಅದೇನೂ ಇಲ್ಲದೆ, ಕೆಮ್ಮು ಜ್ವರ ಬಂದು ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದರು ಅಂದರೆ ಅದು ಇನ್‌ಫ್ಲುಯೆಂಜಾ.

ಸಾಧ್ಯವಾದರೆ ಆ ವರ್ಷದ ಹಿಂದುಮುಂದಿನ ಪುಟಗಳನ್ನೂ ನೋಡಿ. ಹಳೇ ದಾಖಲೆ ಓದುವಾಗ ಇದರಷ್ಟು ಸಹಾಯ ಮಾಡುವುದು ಬೇರೆ ಇಲ್ಲ. ಬೇರೆ ತಿಂಗಳಲ್ಲಿ ಎರಡೋ ಮೂರೋ ಸಾವಿದ್ದ ಊರಲ್ಲಿ ಆ ಅಕ್ಟೋಬರಿಗೆ ಪುಟಗಟ್ಟಲೆ ‘ಜ್ವರ’ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಹಾಗೇ ‘ಇಂಥವರ ಹೆಂಡತಿ’, ‘ಹೆಣ್ಣು ಮಗು’ ಎಂದಷ್ಟೇ ಇರುವ ಸಾಲುಗಳನ್ನು ಬಿಟ್ಟುಬಿಡಬೇಡಿ. ಅದೇ ವಾರ ನಿಮ್ಮ ಮನೆಯಲ್ಲಿ ಇನ್ನೊಬ್ಬರು ಹೋಗಿರಬಹುದು. ಹೆಸರಿಲ್ಲದ ಕಾರಣಕ್ಕೆ ಆಕೆಯನ್ನು ಮನೆಯವರೂ ಮರೆತಿದ್ದರೆ, ಆ ಸಾಲನ್ನು ನೀವೇ ವಂಶವೃಕ್ಷಕ್ಕೆ ಸೇರಿಸಿ.

ತಾರೀಖಿನ ವಿಷಯದಲ್ಲಿ ನಾನು ಮನೆಯ ತಿಥಿಯನ್ನೇ ನಂಬುತ್ತೇನೆ. 1918ರ ದೀಪಾವಳಿ ಅಮಾವಾಸ್ಯೆ ನವೆಂಬರ್ 3ಕ್ಕೆ. ಲೆಕ್ಕ ಹಾಕಿದರೆ ಬಹುಳ ಪಂಚಮಿ ಅಕ್ಟೋಬರ್ 24ರ ಆಸುಪಾಸಿಗೆ ಬರುತ್ತದೆ. 28 ಬಹುಶಃ ಸುದ್ದಿ ಪಟೇಲರಿಗೆ ಮುಟ್ಟಿದ ದಿನ. ವರ್ಷ ಗಟ್ಟಿ ಮಾಡಿಕೊಳ್ಳಲು ಮನೆಯಲ್ಲಿ ಸಂವತ್ಸರದ ಹೆಸರು ನೆನಪಿದೆಯಾ ಕೇಳಿ. ಆ ವರ್ಷ ಕಾಳಯುಕ್ತಿ.

40 ಅನ್ನುವ ವಯಸ್ಸು ಅಂದಾಜು. ‘ಸುಮಾರು 1878ರಲ್ಲಿ ಹುಟ್ಟಿದ್ದು’ ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಸಾಕು.

ಪ್ರಶ್ನೆ: ದೊಡ್ಡಪ್ಪ 1974ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನಮ್ಮೂರಾದ ಕಡೂರಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಸಿಕ್ಕರೆ ಅವರಿಗೆ ಏನು ಕಾಯಿಲೆ ಇತ್ತು ಅಂತ ತಿಳಿಯುತ್ತದಾ?

ಉತ್ತರ: ಸಾವು ನೋಂದಣಿಯಾಗುವುದು ಅದು ನಡೆದ ಜಾಗದಲ್ಲಿ, ಸ್ವಂತ ಊರಿನಲ್ಲಲ್ಲ. ಬೆಂಗಳೂರಿನಲ್ಲೇ ಹುಡುಕಿಸಿ. ಕಾಯಿಲೆ ಮಾತ್ರ ಅದರಲ್ಲಿ ಕಾಣುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೊಡುವ ನಕಲಿನಲ್ಲಿ ಸಾವಿನ ಕಾರಣ ತೋರಿಸುವಂತಿಲ್ಲ. ಮನೆಯ ಟ್ರಂಕಿನಲ್ಲಿ ಆಸ್ಪತ್ರೆ ಚೀಟಿ, ವಿಮೆ ಹಣಕ್ಕೆ ಬರೆದ ಕಾಗದ ಇದೆಯಾ ನೋಡಿ. ನಕಲು ಕೈಗೆ ಬಂದಾಗ ನೋಂದಣಿ ತಾರೀಖನ್ನೂ ಗಮನಿಸಿ. ಸತ್ತು ಎಷ್ಟೋ ವರ್ಷದ ಮೇಲೆ ನೋಂದಣಿಯಾಗಿದ್ದರೆ, ಅದರಲ್ಲಿರುವ ಸಾವಿನ ದಿನ ಮನೆಯವರು ನೆನಪಿನಿಂದ ಹೇಳಿದ್ದಿರಬಹುದು.

ಪ್ರಶ್ನೆ: ರಾಯಚೂರು ಕಡೆಯವರು ನಾವು. ಅಜ್ಜಿಯ ಸಾವಿನ ಕಾಗದ ಉರ್ದುವಿನಲ್ಲಿದೆ. ಓದಿಸಿದಾಗ ‘ಖುರ್ದಾದ್ 1352’ ಅಂತ ಹೇಳಿದರು. ಇದು ಯಾವ ವರ್ಷ?

ಉತ್ತರ: ಅದು ನಿಜಾಮರ ಸರ್ಕಾರದ ಫಸಲಿ ವರ್ಷ. ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. ವರ್ಷದ ಮೊದಲ ತಿಂಗಳುಗಳಾಗಿದ್ದರೆ 590 ಕೂಡಿಸಿ, ಜನವರಿ ದಾಟಿದ ತಿಂಗಳಾಗಿದ್ದರೆ 591. ಖುರ್ದಾದ್ ಅಂದರೆ ಏಪ್ರಿಲ್ ಹೊತ್ತು. ನಿಮ್ಮ ಅಜ್ಜಿ ಹೋದದ್ದು 1943ರಲ್ಲಿ. ಮೊಹರಂ, ರಂಜಾನ್ ಅನ್ನುವ ತಿಂಗಳಿದ್ದಿದ್ದರೆ ಹಿಜರಿ ಅನ್ನಬಹುದಿತ್ತು. ಆಗ 1352 ಅಂದರೆ 1933–34. ನೆಟ್‌ನಲ್ಲಿ ಸಿಗುವ ಇರಾನಿ ಕ್ಯಾಲೆಂಡರಿಗೆ ಮಾತ್ರ ಈ ತಾರೀಖು ಹಾಕಬೇಡಿ. ಅಲ್ಲೂ ಇದೇ ತಿಂಗಳ ಹೆಸರಿದೆ, ಆದರೆ ಅದು 1973 ಅಂತ ತೋರಿಸುತ್ತದೆ.