ಗಾಜಿನ ಡಬ್ಬಿಯಲ್ಲಿ ವಿಕಿರಣದ ಜಾಡು

ಪ್ರಶ್ನೆ: ಒಂಬತ್ತನೆಯ ತರಗತಿಯ ನನ್ನ ಮಗಳು ವಿಕಿರಣಶೀಲತೆಯ ಬಗ್ಗೆ ಓದಿ, “ಕಣ್ಣಿಗೇ ಕಾಣದ್ದು ಇದೆ ಅಂತ ನಂಬೋದು ಹೇಗಪ್ಪಾ?” ಎಂದು ಕೇಳಿದಳು. ಮನೆಯಲ್ಲಿಯೇ ಅಪಾಯವಿಲ್ಲದೆ ಅದನ್ನು ಕಾಣುವ ದಾರಿಯಿದೆಯೇ? ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ (ಉರಿಯಲ್ಲಿ ಬೆಳಗುವ ಬಲೆಯಂಥ ಚೀಲ) ಬಳಸಬಹುದೆಂದು ಒಬ್ಬರು ಹೇಳಿದರು, ಅದು ಸರಿಯೇ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಗಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ವಿಕಿರಣದ ಕಣ ಕಣ್ಣಿಗೆ ಕಾಣುವುದಿಲ್ಲ. ಅದು ಹಾದುಹೋದ ಜಾಡು ಮಾತ್ರ ಚೆನ್ನಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿ 1894ರಲ್ಲಿ ಮೋಡಗಳ ಮೇಲಿನ ಬಿಸಿಲಿನ ಬಣ್ಣಗಳನ್ನು ಕಂಡು ಬೆರಗಾದ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್, ಪ್ರಯೋಗಾಲಯದಲ್ಲಿ ಮೋಡವನ್ನು ಉಂಟುಮಾಡಲು ಹೊರಟು, 1911ರಲ್ಲಿ ಕಣಗಳ ಜಾಡನ್ನೇ ಕಂಡರು. 1927ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಆ ಉಪಕರಣದ, ಅಂದರೆ ಮೋಡಕೋಷ್ಠದ (ಕ್ಲೌಡ್ ಚೇಂಬರ್) ಸರಳ ರೂಪವನ್ನು ನೀವೂ ಮಾಡಬಹುದು.

ಪಾರದರ್ಶಕ ಡಬ್ಬಿಯೊಂದರ ಒಳತಳಕ್ಕೆ ದಪ್ಪ ಉಣ್ಣೆಬಟ್ಟೆಯ ಪಟ್ಟಿಯನ್ನು ಅಂಟಿಸಿ, ಅದನ್ನು 99 ಶೇಕಡಾ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿ, ಕಪ್ಪು ಬಣ್ಣ ಬಳಿದ ಲೋಹದ ತಟ್ಟೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿ ಅಂಚನ್ನು ಟೇಪಿನಿಂದ ಮುಚ್ಚಬೇಕು. ತಟ್ಟೆಯ ಕೆಳಗೆ ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಇರಬೇಕು. ಅದರ ಉಷ್ಣತೆ ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್. ಮೇಲಿನಿಂದ ಇಳಿಯುವ ಆಲ್ಕೋಹಾಲಿನ ಆವಿ ತಟ್ಟೆಯ ಸಮೀಪ ಅತಿಯಾಗಿ ತಣ್ಣಗಾಗಿ, ಹನಿಗಟ್ಟಲು ಆಸರೆಗಾಗಿ ಕಾಯುತ್ತಿರುತ್ತದೆ. ಕಣವೊಂದು ಹಾದುಹೋದಾಗ ದಾರಿಯುದ್ದಕ್ಕೂ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗಳನ್ನು ಉಳಿಸಿಹೋಗುತ್ತದೆ. ಆವಿ ಅವುಗಳ ಮೇಲೆಯೇ ಹನಿಯಾಗುತ್ತದೆ.

ದೀಪವಾರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು, ಹತ್ತು ನಿಮಿಷ ಕಾಯಿರಿ. ಮೊದಲು ಕಾಣುವುದು ಸಣ್ಣ ತುಂತುರು ಮಾತ್ರ. ಆಮೇಲೆ ಇದ್ದಕ್ಕಿದ್ದಂತೆ ಬಿಳಿಯ ಗೆರೆಯೊಂದು ಮೂಡಿ, ಗಾಳಿಗೆ ಸಡಿಲಗೊಂಡ ರೇಷ್ಮೆ ಎಳೆಯಂತೆ ಬಾಗಿ, ಒಂದೆರಡು ಕ್ಷಣದಲ್ಲಿ ಕರಗುತ್ತದೆ. ದಪ್ಪನೆಯ, ನೇರವಾದ, ಕೆಲವೇ ಸೆಂಟಿಮೀಟರ್ ಉದ್ದದ ಗೆರೆ ಆಲ್ಫಾ ಕಣದ್ದು (ಎರಡು ಪ್ರೋಟಾನು, ಎರಡು ನ್ಯೂಟ್ರಾನು ಸೇರಿದ ಭಾರದ ಕಣ). ತೆಳ್ಳಗೆ ಅಂಕುಡೊಂಕಾಗಿ ಹೋದದ್ದು ಎಲೆಕ್ಟ್ರಾನಿನದು. ಡಬ್ಬಿಯ ಈ ಬದಿಯಿಂದ ಆ ಬದಿಗೆ ತೆಳುವಾಗಿ ನೇರ ಸಾಗುವ ಗೆರೆ ಬಹುಮಟ್ಟಿಗೆ ಆಕಾಶದಿಂದ ಬಂದ ಮ್ಯುಯಾನಿನದು (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ). ಅಂಥವು ನಿಮ್ಮ ಅಂಗೈಯ ಪ್ರತಿ ಚದರ ಸೆಂಟಿಮೀಟರಿನ ಮೂಲಕವೂ ನಿಮಿಷಕ್ಕೆ ಸುಮಾರು ಒಂದರಂತೆ ಹಾದುಹೋಗುತ್ತಲೇ ಇವೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳು ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ, ಬಲು ಅಪರೂಪಕ್ಕೆ ಸಿಕ್ಕಿಬೀಳುವ ಕಣಗಳ ಸುಳಿವು ಹಿಡಿದದ್ದು ಈ ಮ್ಯುಯಾನುಗಳ ಕಾಟದಿಂದ ತಪ್ಪಿಸಿಕೊಂಡೇ.

ಮ್ಯಾಂಟಲ್ ಮಾತ್ರ ಬೇಡವೇ ಬೇಡ. ಹಳೆಯ ಮ್ಯಾಂಟಲುಗಳಲ್ಲಿ ವಿಕಿರಣಶೀಲವಾದ ಥೋರಿಯಂ ಇರುವುದು ನಿಜ, ಆದರೆ ಒಮ್ಮೆ ಉರಿದ ಮ್ಯಾಂಟಲ್ ಮುಟ್ಟಿದರೆ ಬೂದಿಯಾಗುತ್ತದೆ. ಕಾಗದದ ಹಾಳೆಯೂ ತಡೆಯಬಲ್ಲ ಆಲ್ಫಾ ಕಣ, ಉಸಿರಿನೊಂದಿಗೆ ಒಳಹೋದ ಧೂಳಿನಿಂದ ಹೊಮ್ಮಿದರೆ ಶ್ವಾಸಕೋಶಕ್ಕೇ ತಾಗುತ್ತದೆ. ಅದಕ್ಕಿಂತ ಒಳ್ಳೆಯ ಮೂಲ ನಿಮ್ಮ ಮನೆಯ ಗಾಳಿಯಲ್ಲಿಯೇ ಇದೆ. ನೆಲದಿಂದ ಸೂಸುವ ವಿಕಿರಣಶೀಲ ರೇಡಾನ್ ಅನಿಲದ ಸಂತತಿ, ಅಂದರೆ ಅದು ಕ್ಷಯಿಸಿದಾಗ ಹುಟ್ಟುವ ಪರಮಾಣುಗಳು, ಧೂಳಿಗೆ ಅಂಟಿಕೊಂಡು ತೇಲುತ್ತಿರುತ್ತವೆ. ಊದಿದ ಬಲೂನನ್ನು ಉಣ್ಣೆಗೆ ಚೆನ್ನಾಗಿ ಉಜ್ಜಿ, ಬಾಗಿಲು ಕಿಟಕಿ ಮುಚ್ಚಿದ ನೆಲಮಹಡಿಯ ಕೋಣೆಯಲ್ಲಿ ಒಂದು ಗಂಟೆ ತೂಗುಹಾಕಿದರೆ ಅದರ ವಿದ್ಯುದಂಶ ಇವನ್ನು ಸೆಳೆದುಕೊಳ್ಳುತ್ತದೆ. ಗಾಳಿ ತೆಗೆದು, ಒರೆಸದೆ, ಆ ರಬ್ಬರನ್ನು ಡಬ್ಬಿಯೊಳಗಿಡಿ. ಮಳೆಗಾಲದ ತೇವದಲ್ಲಿ ಬಲೂನಿನ ವಿದ್ಯುದಂಶ ಬೇಗ ಸೋರಿಹೋಗುವುದರಿಂದ ಒಣಹವೆಯ ದಿನ ಮಾಡುವುದು ಮೇಲು.

ನಿಜವಾದ ಅಪಾಯವಿರುವುದು ಡ್ರೈ ಐಸ್ ಮತ್ತು ಆಲ್ಕೋಹಾಲಿನಲ್ಲಿ. ಡ್ರೈ ಐಸನ್ನು ದಪ್ಪ ಕೈಗವಸಿಲ್ಲದೆ ಮುಟ್ಟಬಾರದು, ಬಿಗಿ ಮುಚ್ಚಳದ ಪಾತ್ರೆಯಲ್ಲಿಡಬಾರದು. ಪ್ರಯೋಗದ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ನೀವು ಜೊತೆಗಿರಿ.

ಬಲೂನಿಲ್ಲದೆ ಐದು ನಿಮಿಷ, ಇಟ್ಟ ಮೇಲೆ ಐದು ನಿಮಿಷ, ದಪ್ಪ ಗೆರೆಗಳನ್ನು ಮಗಳೇ ಎಣಿಸಿ ಬರೆದುಕೊಳ್ಳಲಿ. ಮುಕ್ಕಾಲು ಗಂಟೆಯ ನಂತರ ಮತ್ತೊಮ್ಮೆ ಎಣಿಸಿದರೆ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಪುಸ್ತಕದಲ್ಲಿ ಅರ್ಧಾಯು ಎಂದು ಓದಿದ್ದು ಅದೇ.