ಅಮೆರಿಕದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇತಿಹಾಸ ಯಾಕೆ ಹೇಳುತ್ತಾರೆ?

ಅಲ್ಲಿನ ಬಹಳಷ್ಟು ಶಾಲೆಗಳಲ್ಲಿ ಅಮೆರಿಕನ್ ಸಾಹಿತ್ಯ ಬರುವುದು 11ನೇ ತರಗತಿಯಲ್ಲಿ. ಹೆಚ್ಚಾಗಿ ಅದೇ ವರ್ಷ ಆ ದೇಶದ ಇತಿಹಾಸವೂ ಇರುತ್ತದೆ. ದೇಶಕ್ಕೆಲ್ಲ ಒಂದೇ ಪಠ್ಯಪುಸ್ತಕ ಇಲ್ಲ, ಹಾಗಾಗಿ ಶಾಲೆಯಿಂದ ಶಾಲೆಗೆ ಪಟ್ಟಿ ಬದಲಾಗುತ್ತದೆ.

ಇತಿಹಾಸ ಯಾಕೆ ಬೇಕು ಅಂತ ತಿಳಿಯಲು ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕ ಸಾಕು. ಕಥೆ 1692ರದು, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನದು. ಮಾಟ ಮಾಡಿದರೆಂದು ಅಲ್ಲಿ 19 ಜನರನ್ನು ಗಲ್ಲಿಗೇರಿಸಿದ್ದರು. ನಾಟಕ ರಂಗಕ್ಕೆ ಬಂದದ್ದು ಮಾತ್ರ 1953ರಲ್ಲಿ. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಅನುಮಾನದ ಮೇಲೆ ಜನರನ್ನು ವಿಚಾರಣೆಗೆ ಎಳೆಯುತ್ತಿದ್ದರು. ‘ಜೊತೆಗಿದ್ದವರು ಯಾರು, ಹೆಸರು ಹೇಳು’ ಎಂಬ ಒತ್ತಾಯ ಎರಡೂ ಕಾಲಕ್ಕೆ ಒಂದೇ, ಅಲ್ವಾ? ನಾಟಕದ ನಾಯಕ ಪ್ರಾಕ್ಟರ್ ಬೇರೆಯವರ ಹೆಸರು ಹೇಳಲು ಒಪ್ಪುವುದಿಲ್ಲ. 1956ರಲ್ಲಿ ಸಂಸತ್ತಿನ ಸಮಿತಿ ಕರೆಸಿದಾಗ ಮಿಲ್ಲರ್ ಕೂಡ ಹೇಳಲಿಲ್ಲ! ಈ ಹಿನ್ನೆಲೆ ಗೊತ್ತಿಲ್ಲದೆ ಓದಿದರೆ ಅದು ಸುಮ್ನೆ ಒಂದು ಹಳೇ ಊರಿನ ಮಾಟದ ಕಥೆ.

ಪರೀಕ್ಷೆಯಲ್ಲಿ ಕಥೆಯ ಸಾರಾಂಶಕ್ಕೆ ಜಾಸ್ತಿ ಬೆಲೆ ಇಲ್ಲ. ನಿಮ್ಮದೊಂದು ವಾದ ಇರಬೇಕು, ಅದಕ್ಕೆ ಪುಸ್ತಕದ ಸಾಲುಗಳೇ ಆಧಾರವಾಗಬೇಕು. ನಮ್ಮಲ್ಲಿ ನೋಟ್ಸ್ ಬಾಯಿಪಾಠ ಮಾಡಿ ಹೋದವರು ಮೊದಲು ತಡವರಿಸುವುದು ಇಲ್ಲಿಯೇ. ಓದುವಾಗಲೇ ಅನುಮಾನ ಬಂದ ಸಾಲಿಗೆ ಪೆನ್ಸಿಲ್ ಗೆರೆ ಹಾಕಿಟ್ಟುಕೊಳ್ಳಿ.