ಆಯುಧಪೂಜೆಗೆ ರಜೆ ಹಾಕಬೇಡಿ

ವರ್ಕ್‌ಶಾಪಿನಲ್ಲಿ ನಾನೊಬ್ಬನೇ ಕ್ರೈಸ್ತ, ಆಯುಧಪೂಜೆ ದಿನ ಹೋದರೆ ರಾಜಿಯಾದಂತೆ, ಹೋಗದಿದ್ದರೆ ಜಂಬ ಅಂತಾರೆ, ಸಾಕ್ಷಿಯಾಗಿ ಬಾಳೋದು ಹೇಗೆ ಅಂತ ಕೇಳಿದ್ದೀರಿ. ಹೋಗಿ ಬ್ರದರ್. ನಾನು ಹಿಂದಿನ ದಿನವೇ ಲೇತ್ ಒರೆಸಿ ಎಣ್ಣೆ ಹಾಕುತ್ತೇನೆ, ತೋರಣ ಕಟ್ಟುವವರಿಗೆ ಏಣಿ ಹಿಡಿಯುತ್ತೇನೆ. ಮಂಗಳಾರತಿ ಹೊತ್ತಿಗೆ ಹಿಂದೆ ಸುಮ್ಮನೆ ನಿಲ್ಲುತ್ತೇನೆ, ಅಷ್ಟೇ. ಮೊದಲ ವರ್ಷ ಕೊಂಕು ಮಾತು ಬಂತು, ಆಮೇಲೆ ಯಾರೂ ಕೇಳಲಿಲ್ಲ.

ಪ್ರಸಾದದ ಪ್ರಶ್ನೆಗೆ ಬೈಬಲಿನಲ್ಲಿ ಪೌಲ ಬರೆದ 1 ಕೊರಿಂಥ ಪತ್ರದ 10ನೇ ಅಧ್ಯಾಯ ಓದಿ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ ಅನ್ನುತ್ತಾನೆ ಪೌಲ. ಇದು ನೈವೇದ್ಯದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಸಲುವಾಗಿ ಬಿಡಿ ಅನ್ನುತ್ತಾನೆ. ಹಾಗಾಗಿ ನಾನು ಪ್ರಸಾದಕ್ಕೆ ಕೈಮುಗಿದು ಬೇಡ ಅನ್ನುತ್ತೇನೆ, ಮಧ್ಯಾಹ್ನದ ಊಟಕ್ಕೆ ಎಲ್ಲರ ಜೊತೆ ಕೂರುತ್ತೇನೆ. (ನಮ್ಮ ಚರ್ಚ್ ಸಭೆಯಲ್ಲೇ ಇದನ್ನು ಒಪ್ಪದವರಿದ್ದಾರೆ.) ಅಸಲಿಗೆ ಜೊತೆ ಕೆಲಸದವರು ನೋಡೋದು ಆ ಒಂದು ದಿನವನ್ನಲ್ಲ. ಓಟಿ ಲೆಕ್ಕ ಸರಿಯಾಗಿ ಬರೆಯುತ್ತೀರಾ, ಹೆಲ್ಪರ್ ಹುಡುಗನನ್ನು ಹೇಗೆ ಮಾತಾಡಿಸುತ್ತೀರಾ, ಅದನ್ನ. ಕ್ರಿಸ್‌ಮಸ್ ಕೇಕ್ ಜೊತೆ ಕರಪತ್ರ ಮಾತ್ರ ಹಂಚಬೇಡಿ. ಕೇಳಿದವರಿಗೆ ಸೌಮ್ಯವಾಗಿ ಉತ್ತರ ಕೊಡಿ ಅಂತ ಯೇಸುವಿನ ಶಿಷ್ಯ ಪೇತ್ರನೇ ಬರೆದಿದ್ದಾನೆ.

ಬರುತ್ತೇನೆ, ಆದರೆ ಪೂಜೆಯಲ್ಲಿ ಸೇರೋದಿಲ್ಲ ಅಂತ ಮಾಲೀಕರಿಗೆ ಎರಡು ದಿನ ಮೊದಲೇ ಹೇಳಿಡಿ. ಎಲ್ಲರೆದುರು ಕುಂಕುಮದ ತಟ್ಟೆ ಚಾಚಿದಾಗ ಹೇಳೋದಕ್ಕಿಂತ ಅದು ಇಬ್ಬರಿಗೂ ಸಲೀಸು.